ಹಾಸಿಗೆಯಮ್ಮನವರಿಗೆ: ಮಗುವನ್ನು ಅಷ್ಟು ಹೊತ್ತು ಮಲಗಿಸಿದ್ದರ ಕುರಿತು

ಮಾನ್ಯರೇ,

ತೈನಾನ್ ನಗರದ ಉತ್ತರ ಪೇಟೆಯಲ್ಲಿ, ಸೋಯಾ ಹಾಲಿನ ಅಂಗಡಿಯ ಹಿಂದಿನ ಓಣಿಯಲ್ಲಿ, ನಾಲ್ಕನೆಯ ಮಹಡಿಯ ಮನೆಯಲ್ಲಿ, ಗೋಡೆಗೆ ತಾಗಿಸಿ ಹಾಕಿದ ಹಾಸಿಗೆಯಲ್ಲಿ ಸದಾ ವಾಸವಾಗಿರುವ ಹಾಸಿಗೆಯಮ್ಮನವರ ಸನ್ನಿಧಿಗೆ, ಅದೇ ಹಾಸಿಗೆಯ ಹೊರ ಅಂಚಿನಲ್ಲಿ, ಬೀಳದಿರಲು ಬೇಕಾದಷ್ಟೇ ಜಾಗದಲ್ಲಿ ಮಲಗುವ ವೆನ್ ರುವೊಚಿ ಎಂಬವಳು ತಲೆಬಾಗಿ ಸಲ್ಲಿಸುವ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಮೂವರೂ, ಅಂದರೆ ನಾನು, ನನ್ನ ಹೆಂಡತಿ ತು ಪೇಶಾನ್ ಮತ್ತು ಹತ್ತು ತಿಂಗಳ ಮಗಳು ದೋದೋ, ತಮ್ಮ ದಯೆಯಿಂದ ಆರೋಗ್ಯವಾಗಿದ್ದೇವೆ. ಮೂವರಲ್ಲಿ ಒಬ್ಬಳಂತೂ ಕಳೆದ ಹುಣ್ಣಿಮೆಯ ಮಧ್ಯಾಹ್ನ ತಮ್ಮ ದಯೆಯಿಂದ ಬಹಳ ಚೆನ್ನಾಗಿ ನಿದ್ದೆ ಮಾಡಿದಳು. ಈ ಪತ್ರ ಆ ನಿದ್ದೆಯ ಬಗ್ಗೆ.

ತಮಗೆ ಏನನ್ನಾದರೂ ತಿಳಿಸಬೇಕಾದರೆ ಕಾಗದವನ್ನು ಸುಟ್ಟು ಕಳಿಸುವುದು ನಮ್ಮಲ್ಲಿಯ ರೂಢಿ. ಅದನ್ನು ಬಿಟ್ಟು ಪತ್ರಿಕೆಗೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ. ಸುಟ್ಟರೆ ತಮಗೊಬ್ಬರಿಗೇ ತಲುಪುತ್ತದೆ. ಅಚ್ಚಾದರೆ ನಮ್ಮ ಕೆಳಗಿನ ಮಹಡಿಯ ಶ್ರೀಮತಿ ಕಾಂಗ್ ಅವರೂ ಓದುತ್ತಾರೆ, ಮತ್ತು ನನ್ನ ದೂರಿನಲ್ಲಿ ಅರ್ಧ ಪಾಲು ಅವರಿಗೆ ಸೇರಬೇಕಾದದ್ದು. ಅದಲ್ಲದೆ, ಹಿಂದಿನ ಸಲ ತಮ್ಮೊಂದಿಗೆ ಖಾಸಗಿಯಾಗಿ ಮಾತಾಡಿದ್ದರ ಪರಿಣಾಮವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲಿಗೆ ತಮ್ಮ ಸೇವೆಯನ್ನು ಕೊಂಡಾಡುವುದು ನನ್ನ ಕರ್ತವ್ಯ. ತಮಗೊಂದು ಗುಡಿಯಿಲ್ಲ, ಮೂರ್ತಿಯಿಲ್ಲ, ಹಾಸಿಗೆಯ ನಡುವೆ ಇಟ್ಟ ಒಂದು ಬಟ್ಟಲು ಎಳ್ಳೆಣ್ಣೆಯ ಅಂಟನ್ನ ಮತ್ತು ಎರಡು ಊದುಬತ್ತಿಗೆ ಸಂತೃಪ್ತರಾಗಿ, ಈ ದ್ವೀಪದ ಮಕ್ಕಳಿಗೆ ಹದಿನಾರು ತುಂಬುವವರೆಗೆ ತಾವು ಕಾವಲಿರುತ್ತೀರಿ. ನಿದ್ದೆಯಲ್ಲಿ ಮಗು ನಕ್ಕರೆ ತಾವು ಆಟವಾಡಿಸುತ್ತಿದ್ದೀರಿ ಎಂದು ಅರ್ಥ, ತುಟಿ ಸೊಟ್ಟಗೆ ಮಾಡಿದರೆ ಗದರಿಸಿದಿರಿ ಎಂದು ಅರ್ಥ. ತಮ್ಮ ಮಗು ಯಾವುದೆಂದು ಗುರುತು ಸಿಗಲೆಂದು ಹುಟ್ಟುವಾಗಲೇ ಅದರ ಕುಂಡೆಯ ಮೇಲೆ ನೀಲಿ ಮಚ್ಚೆ ಒತ್ತುತ್ತೀರಿ. ಇದನ್ನೆಲ್ಲ ಮಾಡುವ ತಾವು ಒಂದು ಮಗುವನ್ನೂ ಹೆತ್ತವರಲ್ಲ. ಆದರೂ ಎಲ್ಲರೂ ತಮ್ಮನ್ನು ತಾಯಿ ಎಂದೇ ಕರೆಯುತ್ತಾರೆ. ನಿಜವಾದ ತಾಯಿ ನೀವೋ ಹೆತ್ತವಳೋ ಎಂದು ಬಟ್ಟಲು ಇಡುವ ಮೊದಲು ಯಾವ ಅಜ್ಜಿಯೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ತಮ್ಮ ಯಜಮಾನರಾದ ಹಾಸಿಗೆಯಪ್ಪನವರು ಎಲ್ಲಿದ್ದಾರೆ, ಏನು ಕೆಲಸ, ಮಗುವಿನ ಬಳಿ ಯಾಕೆ ಕಾಣಿಸಿಕೊಳ್ಳುವುದಿಲ್ಲ ಎಂದೂ ಯಾರೂ ಕೇಳಿಲ್ಲ. ಈ ಗೌರವವನ್ನು ತಾವು ಹೇಗೆ ಸಂಪಾದಿಸಿದಿರಿ ಎಂಬುದನ್ನು ಬಿಡುವಾದಾಗ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಯಾಕೆಂದರೆ ನಮ್ಮ ಪರಿಸ್ಥಿತಿ ಸ್ವಲ್ಪ ಬೇರೆ. ಪೇಶಾನಳ ಹೊಟ್ಟೆ ಕಾಣಿಸತೊಡಗಿದ ದಿನದಿಂದ ನಮ್ಮ ಓಣಿಗೆ ಜ್ಞಾನದಾಹ ಹತ್ತಿಕೊಂಡಿತು. ಸಮುದ್ರ ದಾಟಿ ಹೋಗಿ ದಾನಿಯೊಬ್ಬನ ವೀರ್ಯದಿಂದ ಗರ್ಭ ಕಟ್ಟಿಸಿಕೊಂಡು ಬಂದದ್ದನ್ನು ನಾವು ಮುಚ್ಚಿಡಲಿಲ್ಲ, ಹಾಗಾಗಿ ಮುಚ್ಚಿಡದ್ದನ್ನು ಬಿಚ್ಚಿ ನೋಡುವ ಹಕ್ಕೂ ಓಣಿಗಿದೆ ಎಂದು ಎಲ್ಲರೂ ತಿಳಿದುಕೊಂಡರು. ಶ್ರೀಮತಿ ಕಾಂಗ್ ಮೆಟ್ಟಿಲಲ್ಲಿ ಅಡ್ಡ ನಿಂತು, "ಅಲ್ಲಮ್ಮಾ, ತಪ್ಪು ತಿಳ್ಕೋಬೇಡ, ನಿಮ್ಮಿಬ್ರಲ್ಲಿ ಗಂಡ ಯಾರು?" ಎಂದು ಕೇಳಿದರು, ಮತ್ತು ನಾನು ತಪ್ಪು ತಿಳಿದುಕೊಳ್ಳಲು ಸಾಕಷ್ಟು ಸಮಯವನ್ನೂ ಕೊಟ್ಟರು. ಸೋಯಾ ಹಾಲಿನ ಅಂಗಡಿಯವರು ದಾನಿ ಎಷ್ಟು ಓದಿದ್ದಾನೆ ಎಂದು ಕೇಳಿ, ಗೊತ್ತಿಲ್ಲ ಎಂದಾಗ, "ಕಲ್ಲಂಗಡಿ ತಗೊಳ್ಳುವಾಗ್ಲೂ ನಾವು ಒಂದ್ಸಲ ತಟ್ಟಿ ನೋಡ್ತೀವಪ್ಪ" ಎಂದು ಬೇಸರಪಟ್ಟರು. ಹೆರಿಗೆಯಾದ ಮೇಲೆ ಬಾಣಂತನದ ಕೇಂದ್ರದಲ್ಲಿ ತಿಂಗಳು ಕಳೆದಾಗ, ಕೋಣೆಯಲ್ಲಿ ಗಂಡಂದಿರಿಗೆಂದು ಹಾಕಿದ್ದ ಮಡಿಚುವ ಮಂಚದ ಮೇಲೆ ನಾನು ಮಲಗಿರುವುದನ್ನು ದಿನವೂ ನೋಡುತ್ತಿದ್ದ ದಾದಿಯೊಬ್ಬರು, ದಿನವೂ ಅಷ್ಟೇ ಅಕ್ಕರೆಯಿಂದ, "ಇನ್ನೂ ಬಂದಿಲ್ವಾ ಮಗೂನ ಅಪ್ಪ? ಪಾಪ, ನೀವೆಷ್ಟು ಒಳ್ಳೇ ಫ್ರೆಂಡು" ಎನ್ನುತ್ತಿದ್ದರು.

ಪೇಶಾನ್ ಇಂಥವಕ್ಕೆಲ್ಲ ಉತ್ತರ ಕೊಡಬಲ್ಲಳು. ಅವಳು ಈಜು ಕಲಿಸುವವಳು. ದಿನವಿಡೀ ನೀರಿನ ಸದ್ದಿನ ಮೇಲೆ ಕೂಗಿ ರೂಢಿ. ದಾದಿಗೆ ಅವಳು, "ಅಪ್ಪ ಬರಲ್ಲ, ಅಲ್ಲಿ ಬಿದ್ಕೊಂಡಿದಾಳಲ್ಲ ಅವಳೇ ಬರೋದು" ಎಂದಳು. ಆದರೆ ನಾನು ಸಾಹಿತ್ಯ ಓದಿದವಳು, ಮನೆಯಲ್ಲಿ ಕುಳಿತು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಯಾರಾದರೂ ಏನಾದರೂ ಕೇಳಿದರೆ ನನಗೆ ಮೊದಲು ಹೊಳೆಯುವುದು ವಾಕ್ಯವನ್ನು ಸರಿಪಡಿಸಬೇಕೆಂದು. ಉತ್ತರ ಹೊಳೆಯುವಷ್ಟರಲ್ಲಿ ಕೇಳಿದವರು ಒಂದು ಮಹಡಿ ಇಳಿದಿರುತ್ತಾರೆ. ಅಂಥ ಹೊತ್ತಿನಲ್ಲಿ ನಾನು ಸುಮ್ಮನೆ ನಗುತ್ತೇನೆ. ನನ್ನ ನಗುವಿನಿಂದ ಜನ ತುಂಬ ಉತ್ತೇಜನ ಪಡೆಯುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾನೂನಿನ ಲೆಕ್ಕದಲ್ಲಿ ದೋದೋಳನ್ನು ಹೆತ್ತ ಪೇಶಾನ್ ಅವಳ ತಾಯಿ. ಪೇಶಾನಳನ್ನು ಕ್ರಮಬದ್ಧವಾಗಿ ಮದುವೆಯಾಗಿರುವ ನಾನು, ತಾಯಿಯ ಹೆಂಡತಿ. ಅಲ್ಲಿಂದ ಮಗುವಿನವರೆಗೆ ಇರುವ ಚೂರು ದೂರವನ್ನು, ನಾನು ದಿನವೂ ಉಚ್ಚೆಬಟ್ಟೆ ಬದಲಿಸುವಾಗ ತಿಳಿಯದೆ ದಾಟಿಬಿಡುವ ಆ ದೂರವನ್ನು, ದತ್ತು ತೆಗೆದುಕೊಂಡು ದಾಟಬೇಕು. ಅದಕ್ಕೆ ನ್ಯಾಯಾಲಯ ಒಪ್ಪಬೇಕು, ನ್ಯಾಯಾಲಯ ಒಪ್ಪಲು ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು, ನನ್ನನ್ನೂ ಮಗುವನ್ನೂ ಒಟ್ಟಿಗೆ ನೋಡಿ ವರದಿ ಕೊಡಬೇಕು. ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನು ಲಸಿಕೆ ಹಾಕಿಸಲು ಹೋದ ದಿನ ನೋಡಿದ್ದೇನೆ. ಹಿಂದಿನ ರಾತ್ರಿಯಿಡೀ ಎತ್ತಿಕೊಂಡು ಓಡಾಡಿದವಳು ನಾನು, ನನ್ನ ಭುಜಕ್ಕೆ ಅಂಟಿಕೊಂಡಿದ್ದ ಮಗುವನ್ನು ಬಿಡಿಸಿಕೊಳ್ಳುತ್ತ ಅಲ್ಲಿಯವರು ಹೇಳಿದ್ದು ಇಷ್ಟೇ: "ಅಮ್ಮ ಮಾತ್ರ ಒಳಗೆ ಬರ್ಲಿ. ಚಿಕ್ಕಮ್ಮ, ನೀವು ಹೊರಗೆ ಕೂತಿರಿ." ಚಿಕ್ಕಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತು ಬಾಗಿಲಿನಾಚೆ ಮಗು ಅಳುವುದನ್ನು ಕೇಳಿದಳು. ಪೇಶಾನ್ ದಿನವೂ ಬೆಳಗ್ಗೆ ಸ್ಕೂಟರು ಹತ್ತಿ ಲಾರಿಗಳ ನಡುವೆ ನುಗ್ಗಿಕೊಂಡು ಈಜುಕೊಳಕ್ಕೆ ಹೋಗುತ್ತಾಳೆ. ಒಂದು ದಿನ ಅವಳು ತಿರುಗಿ ಬರದಿದ್ದರೆ, ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವವರ ಕಣ್ಣಿಗೆ ನಾನು ಆ ಬೆಂಚಿನ ಮೇಲಿನ ಹೆಂಗಸು. ನಾನು ಬೇರೆ ಯಾವುದಕ್ಕೂ ಇಷ್ಟು ಹೆದರಿದ್ದಿಲ್ಲ.

ಕಾರ್ಯಕರ್ತೆ ಕುಮಾರಿ ಲಾನ್ ಅವರು ಬರುವ ದಿನ ಹುಣ್ಣಿಮೆಯಾಗಿತ್ತು, ಅಂದರೆ ತಮ್ಮ ಬಟ್ಟಲಿನ ದಿನ. ಪ್ರತಿ ಸಲ ಆ ಕೆಲಸ ಮಾಡುವವರು ಪೇಶಾನಳ ತಾಯಿ, ನನ್ನ ಅತ್ತೆಯವರು. ಅವರನ್ನು ತಾವು ಬಲ್ಲಿರಿ. ಮಗು ಹುಟ್ಟಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ನಿನ್ನದು ಅಂತ ಏನಿದೆ?" ಎಂದು ಕೇಳಿದವರು ಅವರೇ, ಅದು ಟೀಕೆಯಲ್ಲ, ಅವರಿಗೆ ನಿಜವಾಗಿ ತಿಳಿಯಬೇಕಿತ್ತು. ಅಂದು ಅವರು ಅತಿಥಿಗೆಂದು ತಂದ ಮೀನು ಹೆರೆಯುತ್ತ ಅಡುಗೆಮನೆಯಿಂದಲೇ, "ನನ್ನ ಕೈ ನಾರ್ತಿದೆ, ಇವತ್ತು ನೀನೇ ಕೈ ಮುಗಿದ್ಬಿಡು. ಬೇಗ ಮುಗಿಸು, ಗೊತ್ತಾಯ್ತಾ? ಹಾಸಿಗೆಯಮ್ಮನ ಹತ್ರ ಹರಟೆ ಹೊಡೀತಾ ನಿಂತ್ರೆ ಅವಳಿಗೆ ಖುಷಿಯಾಗಿ ಮಗೂನ ಬಿಡೋದೇ ಇಲ್ಲ, ಅದು ಏಳೋದೇ ಇಲ್ಲ" ಎಂದರು. ಈ ನಿಯಮ ಇಲ್ಲಿ ಎಲ್ಲರಿಗೂ ಗೊತ್ತು. ಬತ್ತಿ ಹಚ್ಚು, ಎರಡು ಮಾತು ಹೇಳು, ಬಟ್ಟಲು ತೆಗೆ. ನನಗೂ ಗೊತ್ತಿತ್ತು.

ದೋದೋ ಆಗಷ್ಟೇ ಕಣ್ಣು ಮುಚ್ಚಿದ್ದಳು. ಅವಳ ಕಾಲ ಬಳಿ ಬಟ್ಟಲಿಟ್ಟು, ಬತ್ತಿ ಹಚ್ಚಿ, ನನ್ನ ಹೆಸರು, ವಿಳಾಸ, ಮಗುವಿನ ಹೆಸರು ಹೇಳಿದೆ. ನಾನು ಮಗುವಿಗೆ ಏನಾಗಬೇಕು ಎಂದು ಹೇಳಬೇಕಾದ ಜಾಗ ಬಂದಾಗ ಅಭ್ಯಾಸಬಲದಿಂದ ನಿಲ್ಲಿಸಿ, ತಾವು ಕೇಳುವ ಪ್ರಶ್ನೆಗಾಗಿ ಕಾದೆ. ತಾವು ಏನೂ ಕೇಳಲಿಲ್ಲ.

ಮಾನ್ಯರೇ, ಒಂದೂಕಾಲು ವರ್ಷದಲ್ಲಿ ನನ್ನನ್ನು ಏನೂ ಕೇಳದೆ ಇದ್ದವರು ತಾವೊಬ್ಬರೇ. ಅದೇ ತಪ್ಪಾಯಿತು. ನಾನು ಉತ್ತರಿಸತೊಡಗಿದೆ. ಶ್ರೀಮತಿ ಕಾಂಗ್ ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ತಮಗೆ ಕೊಟ್ಟೆ: ನಮ್ಮಲ್ಲಿ ಗಂಡ ಯಾರೂ ಇಲ್ಲ, ಬಲ್ಬು ಬದಲಿಸುವವಳು ನಾನು, ಜಿರಲೆ ಹೊಡೆಯುವವಳು ಪೇಶಾನ್. ದಾನಿಯ ಬಗ್ಗೆ ನಮಗೆ ಗೊತ್ತಿರುವುದು ಅವನ ಎತ್ತರ, ರಕ್ತದ ಗುಂಪು ಮತ್ತು ಅವನಿಗೆ ಕಡಲೆಕಾಯಿ ಒಗ್ಗುತ್ತದೆ ಎಂಬುದು. ಮೂಗು ಪೇಶಾನಳದಲ್ಲ, ಆದ್ದರಿಂದ ಬಹುಶಃ ಅವನದಿರಬೇಕು, ಚೆಂದ ಇದೆ, ಎಲ್ಲಿದ್ದರೂ ಸುಖವಾಗಿರಲಿ ಎಂದೆ. ನೀನ್ಯಾಕೆ ಹೊರಲಿಲ್ಲ, ಏನಾದರೂ ದೋಷವೇ ಎಂದು ಶ್ರೀಮತಿ ಕಾಂಗ್ ಒಮ್ಮೆ ಕೇಳಿದ್ದರು. ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದ ನಾನು "ಸುಮ್ನೆ" ಎಂದಿದ್ದೆ. ಸುಮ್ಮನೆ ಅಲ್ಲ, ಮೊದಲು ನನ್ನಲ್ಲೇ ಎರಡು ಸಲ ಗರ್ಭ ನಿಂತಿತ್ತು, ಎರಡು ಸಲವೂ ಉಳಿಯಲಿಲ್ಲ, ಎರಡನೆಯದಕ್ಕೆ ಹೆಸರಿಟ್ಟಿದ್ದೆವು ಎಂದು ತಮಗೆ ಹೇಳಿದೆ. ಆ ಹೆಸರನ್ನೂ ಹೇಳಿದೆ. ಅದಕ್ಕೂ ತಾವೇ ಮಚ್ಚೆ ಒತ್ತಿಟ್ಟಿದ್ದಿರೋ, ಹಾಗಿದ್ದರೆ ಈಗ ಅದನ್ನು ನೋಡಿಕೊಳ್ಳುತ್ತಿರುವವರು ಯಾರೋ ಎಂದು ನಾನೇ ತಮ್ಮನ್ನು ಕೇಳಿದೆ. ನಂತರ ಕಣ್ಣು ಒರೆಸಿಕೊಂಡು ನೋಡಿದರೆ ಬತ್ತಿಗಳು ಬುಡದವರೆಗೆ ಉರಿದು ಬೂದಿ ಬಾಗಿತ್ತು, ಅಂಟನ್ನ ತಣ್ಣಗಾಗಿ ಗಟ್ಟಿಯಾಗಿತ್ತು, ಮತ್ತು ಬಾಗಿಲ ಗಂಟೆ ಬಾರಿಸುತ್ತಿತ್ತು.

ಕುಮಾರಿ ಲಾನ್ ನನಗಿಂತ ಚಿಕ್ಕವರು, ಚಪ್ಪಲಿಯನ್ನು ಅಂದವಾಗಿ ಜೋಡಿಸಿಟ್ಟು ಒಳಗೆ ಬಂದರು. "ಮಗು ಮಲಗಿದ್ಯಾ? ಪರ್ವಾಗಿಲ್ಲ, ಕಾಯ್ತೀನಿ. ಎದ್ದ ಮೇಲೆ ನಿಮ್ಮ ಹತ್ರ ಹೇಗೆ ಬರತ್ತೆ, ಅಷ್ಟು ನೋಡ್ಬೇಕು" ಎಂದರು. ಉಚ್ಚೆಬಟ್ಟೆಯ ಪೊಟ್ಟಣ ಸರಕ್ ಎಂದರೆ ಏಳುವ ಮಗು ನಮ್ಮದು. ನಾವು ನಿಶ್ಚಿಂತೆಯಿಂದ ಕುಳಿತೆವು.

ಆಮೇಲೆ ತಾವು ತೋರಿದ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಕುಮಾರಿ ಲಾನ್ ಅವರ ಚಹಾ ಆರಿತು, ಮತ್ತೊಂದು ಕೊಟ್ಟೆವು, ಅದೂ ಆರಿತು. ಪೇಶಾನ್ ಹೋಗಿ ಗಿಲಕಿ ಆಡಿಸಿದಳು, ಕಾಲುಚೀಲ ಬಿಚ್ಚಿ ಅಂಗಾಲಿಗೆ ಕಚಗುಳಿಯಿಟ್ಟಳು, ಕೊನೆಗೆ ಈಜುಕೊಳದ ಸೀಟಿಯನ್ನು ಮೆಲ್ಲಗೆ ಊದಿದಳು. ದೋದೋ ನಿದ್ದೆಯಲ್ಲೇ ನಕ್ಕಳು, ಅಂದರೆ ತಾವು ಆಡಿಸುತ್ತಿದ್ದಿರಿ. ಓಣಿಗೆ ಕಸದ ಲಾರಿ ತನ್ನ ಹಾಡು ಹಾಕಿಕೊಂಡು ಬಂತು, ಇಡೀ ಕಟ್ಟಡ ಚೀಲ ಹಿಡಿದು ದಡದಡನೆ ಕೆಳಗಿಳಿಯಿತು, ಮತ್ತೆ ಮೇಲೆ ಹತ್ತಿತು. ನನ್ನ ಮಗಳು ಮಗ್ಗುಲು ಬದಲಿಸಿದಳು.

ಸಮಯ ವ್ಯರ್ಥವಾಗದಿರಲೆಂದು ಕುಮಾರಿ ಲಾನ್ ಪ್ರಶ್ನೆಗಳನ್ನು ತೆಗೆದರು. ಇವು ಸರ್ಕಾರಿ ಪ್ರಶ್ನೆಗಳಾದ್ದರಿಂದ ಶ್ರೀಮತಿ ಕಾಂಗ್ ಅವರ ಪ್ರಶ್ನೆಗಳೇ ಇಸ್ತ್ರಿಯಾಗಿ ಬಂದಿದ್ದವು. "ಮುಂದೆ ಮಗೂಗೆ ಮನೇಲಿ ಒಬ್ಬ ತಂದೆಯ ಮಾದರಿ ಬೇಕಾದ್ರೆ ಏನ್ಮಾಡ್ತೀರಿ?" ಎಂದದ್ದಕ್ಕೆ ಪೇಶಾನ್, "ಟೀವಿ ಮುಂದೆ ಬಾಯಿ ಬಿಟ್ಕೊಂಡು ನಿದ್ದೆ ಮಾಡೋದಲ್ವಾ? ನಮ್ಮಪ್ಪ ಅದೇ ಮಾಡ್ತಿದ್ದಿದ್ದು. ನಾನೇ ಮಾಡ್ತೀನಿ ಬಿಡಿ" ಎಂದಳು. ಕುಮಾರಿ ಲಾನ್ ನಗಲಿಲ್ಲ; ನಗುವುದು ಅವರ ಕೆಲಸದಲ್ಲಿ ಸೇರಿಲ್ಲವೆಂದು ತೋರುತ್ತದೆ. ನಂತರ ನನ್ನ ಕಡೆ ತಿರುಗಿ, ತುಂಬ ಮೃದುವಾಗಿ, "ರಕ್ತಸಂಬಂಧ ಇಲ್ಲದೆ ಇರೋದ್ರಿಂದ, ಈ ಮಗು ನಂದು ಅಂತ ನಿಮಗೆ ಯಾವಾಗ, ಹೇಗೆ ಅನ್ಸತ್ತೆ, ಸ್ವಲ್ಪ ಹೇಳ್ತೀರಾ?" ಎಂದು ಕೇಳಿದರು.

ಎಲ್ಲ ಉತ್ತರಗಳನ್ನೂ ನಾನು ಆಗಷ್ಟೇ ತಮಗೆ ಒಪ್ಪಿಸಿ ಬಂದಿದ್ದೆ. ನಾನು ನಕ್ಕೆ. ಪೇಶಾನ್ ನನ್ನನ್ನು ನೋಡಿದಳು. ಕುಮಾರಿ ಲಾನ್ ಪೆನ್ನು ಎತ್ತಿ ಹಿಡಿದು ಕಾದರು, ಆಮೇಲೆ ಪೆನ್ನನ್ನು ಕೆಳಗಿಟ್ಟರು. ಮಗು ಮಲಗಿತ್ತು, ನಾನು ಮಾತಾಡುತ್ತಿರಲಿಲ್ಲ, ವರದಿಯಲ್ಲಿ ಬರೆಯಲು ಅವರಿಗೆ ಸಿಕ್ಕಿದ್ದು ಎರಡು ಲೋಟ ತಣ್ಣನೆಯ ಚಹಾ.

ಆಗ ಅತ್ತೆಯವರು ಕೈ ತೊಳೆದುಕೊಂಡು ಮಗುವನ್ನು ನೋಡಲು ಒಳಕೋಣೆಗೆ ಹೋದರು. ಹೋದವರು ಬೂದಿಯ ತಟ್ಟೆಯನ್ನು ಹಿಡಿದುಕೊಂಡು ಹೊರಬಂದರು. ಬುಡದವರೆಗೆ ಉರಿದ ಎರಡು ಕಡ್ಡಿಗಳನ್ನು ನನ್ನ ಮೂಗಿನ ಮುಂದೆ ಹಿಡಿದು, ಮನೆಯಲ್ಲಿ ಸರ್ಕಾರ ಕುಳಿತಿದೆ ಎಂಬುದನ್ನು ಮರೆತು, "ಏನೇ ಇದು? ಪೂರ್ತಿ ಉರಿಯೋ ತನಕ ನಿಂತಿದ್ಯಾ? ಅಷ್ಟು ಹೊತ್ತು ಏನು ಪುರಾಣ ಹೇಳ್ದೆ ಅವಳಿಗೆ? ಎಂಥಾ ತಾಯೀನೇ ನೀನು? ಹೆತ್ತೋಳಿಗಂತೂ ತಲೆ ಇಲ್ಲ, ಅವಳಿಗೆ ನೀರೊಂದು ಇದ್ರೆ ಸಾಕು. ನೀನಾದ್ರೂ ಓದಿದೋಳು, ನಿನಗಾದ್ರೂ ತಾಯ್ತನ ಮಾಡೋಕೆ ಬರತ್ತೆ ಅನ್ಕೊಂಡಿದ್ದೆ" ಎಂದರು. ಹೀಗೆ ನನ್ನನ್ನು ಇಷ್ಟು ವಿವರವಾಗಿ ಯಾರೂ ಬೈದಿರಲಿಲ್ಲ. ಅವರು ಇನ್ನೂ ಮುಗಿಸಿರಲಿಲ್ಲ: ಕಳೆದ ವಾರ ಗಂಜಿಗೆ ಉಪ್ಪು ಹಾಕಿದ್ದು, ಬಿಸಿಲಲ್ಲಿ ಟೋಪಿ ಹಾಕದೆ ಕರೆದೊಯ್ದದ್ದು, ಮಗು ಬಿದ್ದರೆ ಅದು ಅಳುವ ಮೊದಲು ನಾನು ಅಳುವುದು, ಎಲ್ಲವೂ ಹೊರಬಂದವು.

ಕುಮಾರಿ ಲಾನ್ ಪೆನ್ನನ್ನು ಮತ್ತೆ ಎತ್ತಿಕೊಂಡಿದ್ದರು. "ಅಜ್ಜಿ, ಮಗು ಇವರನ್ನ ಹಚ್ಕೊಂಡಿದ್ಯಾ?" ಎಂದು ಕೇಳಿದರು.

"ಹಚ್ಕೊಂಡಿದ್ಯಾ ಅಂತ ಕೇಳ್ತೀರಲ್ಲ, ಇವಳು ಕಕ್ಕಸಿಗೆ ಹೋದ್ರೆ ಬಾಗಿಲ ಮುಂದೆ ಕೂತು ಬಡಿಯತ್ತೆ. ನಾನು ಇಷ್ಟು ದೂರ ಬಸ್ಸು ಹತ್ಕೊಂಡು ಬಂದು ಕೈ ಚಾಚಿದ್ರೆ ಮುಖ ತಿರುಗಿಸತ್ತೆ. ಅದೂ ಇವಳೇ ಕಲ್ಸಿರೋದು" ಎಂದು ಅತ್ತೆಯವರು ಅದನ್ನೂ ನನ್ನ ತಪ್ಪುಗಳಿಗೆ ಸೇರಿಸಿ, ಮೀನು ಸೀದೀತೆಂದು ಒಳಗೆ ಹೋದರು.

ಕುಮಾರಿ ಲಾನ್ ಬಹಳ ಹೊತ್ತು ಬರೆದರು. ಆದರೂ ಅವರು ಹೇಳಿದ್ದು, ಬೇರೆಯವರ ಮಾತು ಸಾಲದು, ನಾನೇ ಕಣ್ಣಾರೆ ನೋಡಬೇಕು, ಇನ್ನೊಮ್ಮೆ ಬರುತ್ತೇನೆ ಎಂದು. ಇನ್ನೊಮ್ಮೆ ಎಂದರೆ ಮುಂದಿನ ತಿಂಗಳು, ಮುಂದಿನ ತಿಂಗಳವರೆಗೆ ಪೇಶಾನ್ ದಿನವೂ ಲಾರಿಗಳ ನಡುವೆ ಹೋಗುತ್ತಾಳೆ. ಅವರ ಸ್ಕೂಟರು ಓಣಿ ದಾಟಿದ ಸದ್ದಿಗೆ ದೋದೋ ಕಣ್ಣು ಬಿಟ್ಟು, ನನ್ನನ್ನು ಕಂಡು, ಎರಡೂ ಕೈ ಎತ್ತಿದಳು.

ಆದಕಾರಣ, ಮಾನ್ಯರೇ, ತಮ್ಮಲ್ಲಿ ಕೆಲವು ಬಿನ್ನಹಗಳು. ಕುಮಾರಿ ಲಾನ್ ಮತ್ತೆ ಬರುವ ದಿನ ತಾವು ದಯವಿಟ್ಟು ರಜೆ ತೆಗೆದುಕೊಳ್ಳಿ. ಹಾಸಿಗೆಯಪ್ಪನವರೊಂದಿಗೆ ಬಿಸಿನೀರಿನ ಬುಗ್ಗೆಗೆ ಹೋಗಿಬರಬಹುದು, ಅವರನ್ನು ಕಂಡಂತೆಯೂ ಆಗುತ್ತದೆ. ನಿದ್ದೆ ಹಿಡಿಸುವ ತಮ್ಮ ಶಕ್ತಿಯನ್ನು ಮಕ್ಕಳ ಮೇಲೆ ಪೂರ್ತಿ ಖರ್ಚು ಮಾಡದೆ ಒಂದಿಷ್ಟನ್ನು ನಮ್ಮ ಮೆಟ್ಟಿಲಿಗೆ ತಿರುಗಿಸಿ, "ಅಲ್ಲಮ್ಮಾ, ತಪ್ಪು ತಿಳ್ಕೋಬೇಡ" ಎಂದು ಯಾರಾದರೂ ಶುರುಮಾಡಿದೊಡನೆ, ಪ್ರಶ್ನೆ ಅರ್ಧದಲ್ಲಿರುವಾಗಲೇ, ಅವರಿಗೆ ನಿಂತಲ್ಲೇ ಸುಖನಿದ್ರೆ ಬರುವಂತೆ ಮಾಡಬಹುದೇ ಎಂದು ಪರಿಶೀಲಿಸಿ. ಬೀಳದ ಹಾಗೆ ನಾನು ಹಿಡಿದುಕೊಳ್ಳುತ್ತೇನೆ, ಅಷ್ಟು ನೆರೆಹೊರೆಯ ಪ್ರೀತಿ ನನ್ನಲ್ಲಿದೆ. ನ್ಯಾಯಾಲಯಕ್ಕೆ ತಾವೇ ಒಮ್ಮೆ ಹಾಜರಾಗಿ, ಹೆರದೆಯೂ ತಾಯಿಯೆನಿಸಿಕೊಂಡವರು ಎಷ್ಟು ಕಾಲದಿಂದ ಈ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಸಾಕ್ಷಿ ಹೇಳಿದರೆ ಇನ್ನೂ ಉತ್ತಮ. ಹಾಗೆ ಬಂದರೆ ತಮ್ಮನ್ನು ಅಲ್ಲಿಯವರು ಹೊರಗಿನ ಬೆಂಚಿನಲ್ಲಿ ಕೂರಿಸುವ ಸಂಭವವಿದೆ. ಬೇಸರಪಡಬೇಡಿ, ನಾನೂ ಅಲ್ಲೇ ಇರುತ್ತೇನೆ.

ನಾನು ಕೇಳಿದ ಆ ಒಂದು ಪ್ರಶ್ನೆಗೆ, ಆ ಹೆಸರಿನ ಮಗುವಿನ ಬಗ್ಗೆ, ತಾವು ಉತ್ತರಿಸಬೇಕಾದ ಅಗತ್ಯವಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲವೆಂದು ಬೇರೆಯವರಿಗೆ ಹೇಳಬೇಕೆಂದಿರುವವಳು ನಾನೇ. ಆದರೆ ಅದನ್ನು ನೋಡಿಕೊಳ್ಳುತ್ತಿರುವವರು ತಾವೇ ಆಗಿದ್ದರೆ, ಅಲ್ಲಿ ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿದ್ದೆ ಮಾಡಲು ಬಿಡಿ. ಅದರ ಬಗ್ಗೆ ನಾನು ದೂರು ಕೊಡುವುದಿಲ್ಲ.

ಇಂತು, ಇನ್ನು ಮುಂದೆ ಎರಡೇ ಮಾತಿನಲ್ಲಿ ಮುಗಿಸುವೆನೆಂದು ಮಾತು ಕೊಡುವ,
ತಮ್ಮ ವಿಶ್ವಾಸಿ,
ವೆನ್ ರುವೊಚಿ

ಕೊನೆಗೊಂದು ಮಾತು: ಈ ಪತ್ರ ಅಚ್ಚಿಗೆ ಹೋಗುವುದು ತಡವಾದ್ದರಿಂದ ಮುಂದಿನದನ್ನೂ ತಿಳಿಸಬಹುದಾಗಿದೆ. ಕುಮಾರಿ ಲಾನ್ ಎರಡನೆಯ ಸಲ ಬಂದಾಗ ದೋದೋ ಎಚ್ಚರವಾಗಿದ್ದಳು, ಅವರು ಇದ್ದಷ್ಟು ಹೊತ್ತೂ ನನ್ನ ಕೊರಳು ಬಿಡದೆ ಕಿರುಚಿದಳು, ಮತ್ತು ಇದಕ್ಕಿಂತ ಹೆಚ್ಚು ಕಣ್ಣಾರೆ ನೋಡುವ ಅಗತ್ಯವಿಲ್ಲವೆಂದು ಅವರು ಬೇಗನೆ ಎದ್ದರು. ನ್ಯಾಯಾಲಯದ ಒಪ್ಪಿಗೆ ಮೊನ್ನೆ ಬಂತು. ಸುದ್ದಿ ತಿಳಿದ ಶ್ರೀಮತಿ ಕಾಂಗ್ ಸಂತೋಷಪಟ್ಟು, ಒಂದು ಡಜನ್ ಕಿತ್ತಳೆ ಹಿಡಿದು ಮೇಲೆ ಬಂದು, "ಅಂದ್ರೆ ಇವತ್ತಿಂದ ನೀನೂ ತಾಯಿ. ಹಾಗಾದ್ರೆ ಇಷ್ಟು ದಿನ ನೀನು ಏನಾಗಿದ್ದೆ?" ಎಂದು ಕೇಳಿದರು. ಅವರು ಮೆಟ್ಟಿಲು ಇಳಿಯುವ ಮೊದಲೇ ನನಗೆ ಉತ್ತರ ಹೊಳೆಯಿತು. "ನಿದ್ದೆಗೆಟ್ಟಿದ್ದೆ" ಎಂದೆ.